ಊಟವೂ ಬಿಡುವೂ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಊಟಕ್ಕೂ ದುಡಿಮೆಗೂ ಒಂದು ಲೆಕ್ಕವಿತ್ತು. ಹಳೆಯ ಮೈಸೂರು ಸೀಮೆಯ ರೈತನು ನಸುಕಿನಲ್ಲಿಯೇ ನೇಗಿಲು ಹೊತ್ತು ಹೊಲಕ್ಕೆ ಹೋಗುತ್ತಿದ್ದನು. ಹೊತ್ತೇರಿದ ಮೇಲೆ ಅವನು ಉಣ್ಣುತ್ತಿದ್ದ ಎರಡು ರಾಗಿ ಮುದ್ದೆ ಸಂಜೆಯೊಳಗೆ ಬೆವರಾಗಿ ಕರಗುತ್ತಿತ್ತು. ನೀರು ಸೇದಿ, ರಾಗಿ ಬೀಸಿ, ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಕ್ಕಳ ದುಡಿಮೆಯೇನೂ ಅದಕ್ಕಿಂತ ಕಡಿಮೆಯದಾಗಿರಲಿಲ್ಲ. ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವುದು ತಪ್ಪಾದೀತು; ಮಳೆ ಕೈಕೊಟ್ಟ ವರ್ಷ ಬಡವರು ಒಪ್ಪೊತ್ತಿನ ಗಂಜಿಗೂ ಪರದಾಡಬೇಕಾಗಿತ್ತು.

ಇಂದು ದುಡಿಮೆಯ ಸ್ವರೂಪವೇ ಬೇರೆಯಾಗಿದೆ. ನಗರದ ನೌಕರನು ಎಂಟು ಗಂಟೆ ಕುರ್ಚಿಯ ಮೇಲೆ, ಎರಡು ಗಂಟೆ ಬಸ್ಸಿನಲ್ಲಿ ಕುಳಿತಿರುತ್ತಾನೆ. ಆದರೆ ಅವನ ತಟ್ಟೆಯ ಅನ್ನದ ರಾಶಿ ಮಾತ್ರ ನೇಗಿಲು ಹಿಡಿದವನ ಅಳತೆಯಲ್ಲಿಯೇ ಉಳಿದಿದೆ. ಸಾಲದುದಕ್ಕೆ ಸಂಜೆಯ ಬೋಂಡಾ, ಬೇಕರಿಯ ಪಫ್ಸ್, ಸಕ್ಕರೆಯ ಪಾನೀಯಗಳು ಬಂದು ಸೇರಿಕೊಂಡಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, 2021ರಲ್ಲಿ ದೇಶದ 10.1 ಕೋಟಿ ಜನರಿಗೆ ಮಧುಮೇಹವಿತ್ತು. ಅದಕ್ಕೆ ಕಾರಣಗಳು ಹಲವು. ಸೊಂಟದ ಸುತ್ತ ಶೇಖರವಾಗುವ ಕೊಬ್ಬು ಅವುಗಳಲ್ಲಿ ಮುಖ್ಯವಾದುದು.

ಈ ಭೀತಿಯಿಂದ ವಿಚಿತ್ರವಾದ ಉಪಾಯಗಳು ಹುಟ್ಟಿಕೊಂಡಿವೆ. ತೂಕ ಇಳಿಸಲೆಂದು ಬೆಳಗಿನ ತಿಂಡಿಯನ್ನು ಬಿಟ್ಟವನು ಹನ್ನೊಂದು ಗಂಟೆಗೆ ಹಸಿವು ತಾಳಲಾರದೆ ಟೀ ಬಿಸ್ಕತ್ತಿಗೆ ಶರಣಾಗುತ್ತಾನೆ. ರಾತ್ರಿ ಹತ್ತಕ್ಕೆ ಎರಡರಷ್ಟು ಉಂಡು ಮಲಗುತ್ತಾನೆ. ತಿಂಗಳಿಗೆ ಹತ್ತು ಕಿಲೋ ಇಳಿಸುವುದಾಗಿ ಸಾರುವ ಪುಡಿಯ ಡಬ್ಬಿಗಳಿಗೂ ಗಿರಾಕಿಗಳಿದ್ದಾರೆ. ಅವಸರದಿಂದ ಇಳಿಸಿದ ತೂಕದಲ್ಲಿ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ಊಟ ಮೊದಲಿನಂತಾದರೆ ಕೊಬ್ಬು ಮರಳಿ ಬರುತ್ತದೆ. ವಯಸ್ಕರಿಗೆ ವಾರಕ್ಕೆ ಅರ್ಧ ಕಿಲೋ ಇಳಿದರೂ ಸಾಕು. ಬೆಳೆಯುವ ವಯಸ್ಸಿನವರ ಮಾತೇ ಬೇರೆ. ಹದಿನಾಲ್ಕರ ಬಾಲಕಿಯೊಬ್ಬಳು ಕನ್ನಡಿಗೆ ಹೆದರಿ ಊಟ ಬಿಟ್ಟರೆ ನಷ್ಟವಾಗುವುದು ಅವಳ ಎಲುಬಿಗೆ, ರಕ್ತಕ್ಕೆ. ಆ ವಯಸ್ಸಿನಲ್ಲಿ ವೈದ್ಯರ ಸಲಹೆಯಿಲ್ಲದೆ ತೂಕ ಇಳಿಸುವ ಸಾಹಸಕ್ಕೆ ಕೈಹಾಕಲೇಬಾರದು.

ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿದ ಮೇಲೆ ರಾಗಿಗೆ ಹೊಸ ಗೌರವ ಬಂದಿದೆ. ರಾಗಿ ಆ ಗೌರವಕ್ಕೆ ಯೋಗ್ಯವಾದುದೇ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶವಿದೆ, ನಾರೂ ಇದೆ. ಆದರೆ ಶಕ್ತಿಯ ಲೆಕ್ಕದಲ್ಲಿ ಅದಕ್ಕೂ ಅಕ್ಕಿಗೂ ಹೆಚ್ಚು ಅಂತರವಿಲ್ಲ. ಮೂರು ಮುದ್ದೆ ಉಂಡು ದಿನವಿಡೀ ಕುಳಿತವನನ್ನು ರಾಗಿಯೂ ಕಾಪಾಡಲಾರದು. ಇನ್ನು ಅಂಗಡಿಯ ರಾಗಿ ಬಿಸ್ಕತ್ತು ಎಷ್ಟೋ ಸಲ ಮೈದಾ ಸಕ್ಕರೆಗಳಿಗೆ ತೊಡಿಸಿದ ರಾಗಿಯ ಅಂಗಿ.

ಆದ್ದರಿಂದ ಧಾನ್ಯವನ್ನು ಬದಲಿಸುವುದಕ್ಕಿಂತ ತಟ್ಟೆಯ ಹಂಚಿಕೆಯನ್ನು ಬದಲಿಸುವುದು ಮೇಲು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗಸೂಚಿಯಂತೆ, ದಿನದ ಆಹಾರದಿಂದ ದೊರೆಯುವ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇಕಡಾ 45ನ್ನು ಮೀರಬಾರದು. ಉಳಿದುದು ಬೇಳೆಕಾಳು, ತರಕಾರಿ, ಹಣ್ಣು, ಹಾಲುಗಳಂತಹವುಗಳಿಂದ ಬರಬೇಕು. ಕನ್ನಡ ನಾಡಿನ ಅಡುಗೆಮನೆಗೆ ಇದೇನೂ ಹೊಸ ಪಾಠವಲ್ಲ. ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ, ನೀರುಮಜ್ಜಿಗೆ ಇಲ್ಲಿಯವೇ. ಕೋಸಂಬರಿಗಂತೂ ಒಲೆಯೂ ಬೇಡ. ಹೆಸರುಬೇಳೆ ನೆನೆದರೆ ಸಾಕು. ಹಬ್ಬದ ದಿನ ಬಾಳೆಯೆಲೆಯ ಅಂಚಿಗೆ ಒಂದು ಚಮಚ ಬಡಿಸಿ ಮುಗಿಸುವ ಆ ಪದಾರ್ಥ ದಿನನಿತ್ಯ ಬಟ್ಟಲು ತುಂಬ ಇರಬೇಕಾದುದು.

ಆದರೆ ಬೇಳೆ ನೆನೆಹಾಕುವವರು ಯಾರು? ಸೊಪ್ಪು ಬಿಡಿಸಿ, ತೊಳೆದು, ಹೆಚ್ಚಲು ಅರ್ಧ ಗಂಟೆಯಾದರೂ ಬೇಕು. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ತಾಯಿ ಕೋಳಿ ಕೂಗುವ ಮುನ್ನ ಎದ್ದು, ಎಲ್ಲರ ಡಬ್ಬಿ ತುಂಬಿ, ತಾನು ನಿಂತೇ ನಾಲ್ಕು ತುತ್ತು ತಿಂದು ಓಡುತ್ತಾಳೆ. ಸೊಪ್ಪಿನ ಗುಣ ಅವಳಿಗೆ ಗೊತ್ತಿಲ್ಲದಿಲ್ಲ, ಇಲ್ಲದಿರುವುದು ಬಿಡುವು. ಒಳ್ಳೆಯ ಆಹಾರವನ್ನು ಆರಿಸಿಕೊಳ್ಳಬೇಕೆಂದು ಅವಳೊಬ್ಬಳಿಗೆ ಉಪದೇಶಿಸುವುದು ಹೊತ್ತ ಹೊರೆಯ ಮೇಲೆ ಇನ್ನೊಂದು ಹೊರೆ ಹೇರಿದಂತೆ. ಮದುವೆಯ ಮನೆಯಲ್ಲಿ ಸಾವಿರ ಮಂದಿಗೆ ಅಡುಗೆ ಮಾಡುವವರು ಬಹುಮಟ್ಟಿಗೆ ಗಂಡಸರೇ. ಸ್ವಂತ ಮನೆಯ ನಾಲ್ವರ ಮಟ್ಟಿಗೆ ಮಾತ್ರ ಗಂಡಸರ ಕೈಗೆ ಅಡುಗೆ ಒಗ್ಗದೆಂಬುದು ನಂಬಲಾಗದ ಮಾತು.

ಒಂಬತ್ತನೆಯ ತರಗತಿಯ ಹುಡುಗನಿಗೂ ಹುಡುಗಿಗೂ ಈ ಕೆಲಸ ಸಮಾನವಾಗಿ ಬರುವಂತಹುದು. ರಾತ್ರಿ ಪುಸ್ತಕ ಮುಚ್ಚಿಡುವಾಗ ಹಿಡಿ ಹೆಸರುಬೇಳೆಗೆ ನೀರು ಹಾಕಿಡಲು ಒಂದು ನಿಮಿಷ ಸಾಕು. ಬೆಳಿಗ್ಗೆ ತಾಯಿ ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಮಗನು ಸೌತೆಕಾಯಿ ಹೆಚ್ಚಿ ಬೇಳೆಗೆ ಬೆರೆಸಿ, ತಂದೆಯು ಡಬ್ಬಿಗಳನ್ನು ತುಂಬಿಟ್ಟರೆ, ಅವಳು ಕುಳಿತು ತಿಂಡಿ ತಿಂದು ಹೊರಟರೂ ಬಸ್ಸು ತಪ್ಪುವುದಿಲ್ಲ.