ಜೋಳಿಗೆಗೆ ಹಾಕಿದ ಮೇಲೆ

ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಬೇಡಿದ್ದು ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನು. ಅವರು ಹುಟ್ಟಿದ ಆಗಸ್ಟ್ 1ನ್ನು ನಾಡು ಇಂದಿಗೂ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ನಮ್ಮ ಕೊಡಗಿನಲ್ಲೂ ಅಂದು ಪ್ರತಿಜ್ಞೆ, ಭಾಷಣ, ಪ್ರಸಾದ ಆಗುತ್ತವೆ. ಆದರೆ ಜೋಳಿಗೆಗೆ ಹಾಕಿದ ಚಟ ಮೂರು ತಿಂಗಳ ಬಳಿಕ ಹಿತ್ತಿಲ ಬಾಗಿಲಿಗೆ ಬಂದು ನಿಂತರೆ? ಇದನ್ನು ನಾವು ಕೇಳಿಕೊಂಡದ್ದು ಕಡಿಮೆ.

ಸೋಮವಾರಪೇಟೆ ಕಡೆಯ ನನ್ನ ಪರಿಚಯದ ಮನೆಯ ಹುಡುಗನೊಬ್ಬ, ಪಿಯುಸಿ ಓದುತ್ತಿದ್ದವನು, ಗಾಂಜಾ ಬಿಡಲು ಚಿಕಿತ್ಸೆ ಪಡೆದು ಊರಿಗೆ ಮರಳಿದ. ಆಪ್ತಸಮಾಲೋಚಕರು ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಮಾತನಾಡುವುದೆಂದು ನಿಗದಿಯಾಗಿತ್ತು. ತಂದೆ ಮಾಡಿದ ಮೊದಲ ಕೆಲಸ ಅವನ ಫೋನ್ ಕಿತ್ತುಕೊಂಡದ್ದು. ತಪ್ಪೆನ್ನಲಾರೆ, ಗಾಂಜಾ ತರಿಸುತ್ತಿದ್ದುದೂ ಅದೇ ಫೋನಿನಿಂದ. ಕೊನೆಗೆ ತಾಯಿಯ ಫೋನಿನಲ್ಲಿ, ಅಡುಗೆಮನೆಯಲ್ಲಿ, ಎಲ್ಲರ ಎದುರು ಕರೆ ನಡೆಯಿತು. 'ಚೆನ್ನಾಗಿದ್ದೇನೆ ಸರ್' ಎಂಬುದನ್ನು ಬಿಟ್ಟು ಹುಡುಗ ಬೇರೇನೂ ಹೇಳಲಿಲ್ಲ. ಜುಲೈ ಮಳೆಗೆ ಕರೆಂಟ್ ಹೋಗಿ, ಟವರೂ ಮಲಗಿ, ಎರಡು ವಾರ ಅದೂ ನಿಂತಿತು. ಆ ನಡುವೆ ಒಂದು ಸಲ ಮತ್ತೆ ಸೇದಿದ. ಸೇದಿದ್ದಕ್ಕಿಂತ, ಅದನ್ನು ಬಚ್ಚಿಟ್ಟದ್ದು ಅವನನ್ನು ಹೆಚ್ಚು ಕುಗ್ಗಿಸಿತು.

ವೈದ್ಯರಿಗೆ ಇಂಥ ಜಾರುವಿಕೆ ಹೊಸದಲ್ಲ. ಎಲ್ಲಿ, ಯಾರ ಜೊತೆ, ಯಾವ ಬೇಸರದಲ್ಲಿ ಜಾರಿದ ಎಂದು ಕೇಳಿ, ಮುಂದಿನ ಸಲ ಆ ಗಳಿಗೆ ದಾಟುವ ದಾರಿಯನ್ನು ಅವನ ಜೊತೆಗೇ ಹುಡುಕುತ್ತಾರೆ. ನಮ್ಮ ಬಾಯಲ್ಲಿ ಅವನು 'ಪ್ರತಿಜ್ಞೆ ಮುರಿದವನು'. ಈ ಮಾತು ಹುಟ್ಟಿದ್ದು ನಮ್ಮ ವೇದಿಕೆಗಳಲ್ಲೇ. (ನಮ್ಮ ಮದುವೆಯ ಪಂಕ್ತಿಯಲ್ಲಿ ಮದ್ಯವಿಲ್ಲ, ನಿಜ. ಛತ್ರದ ಹಿಂದೆ ನಿಂತ ಕಾರಿನ ಡಿಕ್ಕಿಯಲ್ಲಿ ಇರುತ್ತದೆ. ಮಕ್ಕಳು ಅದನ್ನೂ ನೋಡುತ್ತಾರೆ.)

ತೋಟದೂರಿನಿಂದ ಮಡಿಕೇರಿಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇನ್ನೂ ದೂರ. ಆದ್ದರಿಂದ ಫೋನನ್ನೇ ನೆಚ್ಚಬೇಕು. ಟೆಲಿ ಮಾನಸ್ 14416 ಸಂಖ್ಯೆ 2022ರ ಅಕ್ಟೋಬರಿನಿಂದ ಇದೆ. ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಾತನಾಡಬಹುದು, ಇಂಟರ್ನೆಟ್ ಬೇಕಿಲ್ಲ. ವ್ಯಸನಕ್ಕೆಂದೇ 14446 ಇದೆ. ನಡುರಾತ್ರಿ ಕೈ ನಡುಗುವಾಗ ಇವು ಬೇಕೇಬೇಕು. ಆದರೆ ಹುಡುಗನನ್ನು ಬಲ್ಲ, ಹಿಂದಿನ ವಾರದ ಮಾತು ನೆನಪಿಟ್ಟ ಒಬ್ಬರ ಜಾಗವನ್ನು ಇವು ತುಂಬಲಾರವು.

ಹಾಗಾಗಿ ನಮ್ಮ ಮಠಗಳಲ್ಲಿ, ಪ್ರಸಾದ ನಿಲಯಗಳಲ್ಲಿ ಒಂದು ಪುಟ್ಟ ಕೋಣೆ ಬಿಟ್ಟುಕೊಡಬೇಕೆಂದು ನನ್ನ ಬಿನ್ನಹ. ಕೇಬಲ್ ಇಂಟರ್ನೆಟ್, ಒಂದು ಇನ್ವರ್ಟರ್, ಮುಚ್ಚಲು ಬಾಗಿಲು ಸಾಕು. ತಂದೆತಾಯಿ ಹೊರಗೆ ಕುಳಿತಿರಲಿ. ಒಳಗೆ ಏನು ಮಾತಾಯಿತೆಂದು ಪೂಜ್ಯರೂ ಕೇಳದಿರಲಿ. ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಬಿಟ್ಟವನನ್ನು ಆಗಸ್ಟ್ 1ರಂದು ಶಾಲು ಹೊದಿಸಿ ವೇದಿಕೆಗೆ ಕರೆಯುವ ಪದ್ಧತಿ, ಹದಿಹರೆಯದವರ ಮಟ್ಟಿಗಾದರೂ, ನಿಲ್ಲಬೇಕು. ಊರೆಲ್ಲ ಚಪ್ಪಾಳೆ ತಟ್ಟಿದ ಮೇಲೆ ಜಾರಿದವನು ಯಾರ ಬಳಿ ಹೋಗಿ ಹೇಳಿಯಾನು?

ಆ ಹುಡುಗ ಈಗ ಗುರುವಾರ ಸಂಜೆ ಸೋದರಮಾವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು ಮಾತನಾಡುತ್ತಾನೆ. ಅಲ್ಲಿಗೆ ಆರು ಕಿಲೋಮೀಟರ್. ಮಠ ಅದಕ್ಕಿಂತ ಹತ್ತಿರವಿದೆ.