‘ಮೊಳೆ’: ಒಂದು ಪದದ ಅರ್ಥವಿಸ್ತಾರ

ನಾನಾರ್ಥಪದಗಳ ಪಾಠದಲ್ಲಿ ‘ಮೊಳೆ’ ಎಂಬುದಕ್ಕೆ ‘ಅಂಕುರ’, ‘ಕಬ್ಬಿಣದ ಚೂಪು ಕಡ್ಡಿ’ ಎಂದು ಎರಡು ಅರ್ಥಗಳನ್ನು ಬರೆಸಿ ಮುಂದೆ ಸಾಗುವುದು ನಮ್ಮ ರೂಢಿ. ಬೇರೆ ಬೇರೆ ಎರಡು ಪದಗಳು ಆಕಸ್ಮಿಕವಾಗಿ ಒಂದೇ ಉಚ್ಚಾರಣೆಗೆ ಬಂದು ನಿಂತಿವೆ ಎಂಬ ಭಾವನೆ ಇದರಿಂದ ವಿದ್ಯಾರ್ಥಿಗಳಲ್ಲಿ ಉಳಿದುಬಿಡುತ್ತದೆ. ಈ ಭಾವನೆ ಸರಿಯಲ್ಲವೆಂಬುದು ನನ್ನ ನಿಲುವು.

ಸೋದರ ಭಾಷೆಗಳತ್ತ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ತಮಿಳಿನ ‘ಮುಳೈ’ ಮೊಳಕೆಯೂ ಹೌದು, ನೆಲಕ್ಕೆ ಹೊಡೆಯುವ ಗೂಟವೂ ಹೌದು. ತೆಲುಗಿನಲ್ಲಿ ‘ಮೊಲಕ’ ಎಂದರೆ ಮೊಳಕೆ, ‘ಮೊಲಲು’ ಎಂದರೆ ಮೂಲವ್ಯಾಧಿ. ನಮ್ಮಲ್ಲಿಯೂ ಆ ವ್ಯಾಧಿಗೆ ‘ಮೊಳೆರೋಗ’ ಎಂಬ ಹೆಸರಿದೆ. ಇಷ್ಟು ಭಾಷೆಗಳಲ್ಲಿ ಒಂದೇ ಬಗೆಯ ಆಕಸ್ಮಿಕ ಘಟಿಸಿತೆಂದು ನಂಬುವುದು ಕಷ್ಟ. ಮೇಲ್ಮೈಯಿಂದ ಹೊರಚಾಚಿದ ತುದಿ ಎಂಬ ಒಂದೇ ಬಿಂಬ ಇವೆಲ್ಲದರ ಹಿಂದಿದೆ. ಬೀಜವನ್ನು ಸೀಳಿ ಬಂದದ್ದು ಮೊಳೆ. ಮೈಯಲ್ಲಿ ಎದ್ದದ್ದೂ ಮೊಳೆ. ಗೋಡೆಯಿಂದ ತಲೆ ಹೊರಹಾಕಿ ಅಂಗಿಯನ್ನೋ ಪಂಚಾಂಗವನ್ನೋ ಹೊತ್ತು ನಿಂತದ್ದೂ ಮೊಳೆ. ಮೊಳೆಯನ್ನು ನಾವು ಒಳಹೋಗುವ ವಸ್ತುವೆಂದು ಕಾಣುತ್ತೇವೆ. ಪದವಾದರೋ ಹೊರಗುಳಿದ ತುದಿಯನ್ನು ಕಂಡಿದೆ.

ಕ್ರಿಯಾಪದವಾಗಿ ‘ಮೊಳೆ’ ಅಂಕುರದ ಅರ್ಥವನ್ನಷ್ಟೇ ಉಳಿಸಿಕೊಂಡಿದೆ. ಕಾಳು ಮೊಳೆಯುತ್ತದೆ, ಆಸೆ ಮೊಳೆಯುತ್ತದೆ. ಕಬ್ಬಿಣದ ಮೊಳೆಗೆ ಹೊಡೆ, ಬಡಿ, ಜಡಿ, ಕೀಳು ಎಂಬ ಕ್ರಿಯೆಗಳ ನೆರವು ಬೇಕು. ‘ತಿರುಪುಮೊಳೆ’ ಪಠ್ಯಪುಸ್ತಕದಲ್ಲಿದೆ, ಅಂಗಡಿಯಲ್ಲಿ ಅದು ‘ಸ್ಕ್ರೂ’. ಪತ್ರಿಕೆಗಳಿಗೆ ಪ್ರಿಯವಾದ ‘ಶವಪೆಟ್ಟಿಗೆಗೆ ಕೊನೆಯ ಮೊಳೆ’ ಇಂಗ್ಲಿಷಿನಿಂದ ಬಂದ ನುಡಿಗಟ್ಟು. ಬಹುಪಾಲು ಕನ್ನಡಿಗರು ಚಟ್ಟವನ್ನು ಬಲ್ಲರೇ ಹೊರತು ಮೊಳೆ ಜಡಿದ ಪೆಟ್ಟಿಗೆಯನ್ನಲ್ಲ.

ನಾವು ಹೆಚ್ಚು ಗಮನಿಸಬೇಕಾದದ್ದು ಅಚ್ಚುಮೊಳೆಯನ್ನು. ಸೀಸ, ತವರ, ಆಂಟಿಮನಿಗಳ ಮಿಶ್ರಣದಿಂದ ಎರಕಹೊಯ್ದ ಸಣ್ಣ ಕಂಬದ ತುದಿಯಲ್ಲಿ ತಿರುಗುಮುರುಗಾದ ಅಕ್ಷರವೊಂದು ಉಬ್ಬಿ ನಿಂತಿರುತ್ತದೆ. ಅದನ್ನು ‘ಮೊಳೆ’ ಎಂದು ಕರೆದ ಅನಾಮಿಕ ಕೆಲಸಗಾರ ಪದದ ಮೂಲಭಾವಕ್ಕೆ ಎಷ್ಟು ನಿಷ್ಠನಾಗಿದ್ದನೆಂಬುದು ಬೆರಗು ಹುಟ್ಟಿಸುತ್ತದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಾಯಿತು. (1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು, ಅದಕ್ಕೆ ಮೊಳೆಗಳ ಹಂಗಿರಲಿಲ್ಲ.) ಅಲ್ಲಿಂದ ಮುಂದೆ ಗಣಕಯಂತ್ರ ಬರುವವರೆಗೆ ನಮ್ಮ ಗ್ರಂಥಗಳಲ್ಲಿ ಬಹುಪಾಲು ಮೊಳೆ ಜೋಡಿಸಿದವರ ಬೆರಳುಗಳ ಮೂಲಕವೇ ಓದುಗರನ್ನು ತಲುಪಿದವು. ಗ್ರಂಥಸಂಪಾದನೆಯ ಪಾಠದಲ್ಲಿ ಓಲೆಗರಿಯ ಲಿಪಿಕಾರನ ಸ್ಖಾಲಿತ್ಯಗಳನ್ನು ವಾರಗಟ್ಟಲೆ ಚರ್ಚಿಸುವ ನಾವು, ಸವೆದ ಮೊಳೆಯಿಂದಲೂ ತಪ್ಪು ಮನೆಗೆ ಬಿದ್ದ ಮೊಳೆಯಿಂದಲೂ ಹುಟ್ಟಿದ ಪಾಠಾಂತರಗಳನ್ನು ‘ಮುದ್ರಣದೋಷ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ.

1995ರಲ್ಲಿ ಪೂರ್ಣಗೊಂಡ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ನಮ್ಮ ಹೆಮ್ಮೆ. ಆದರೆ ಚಾರಿತ್ರಿಕ ನಿಘಂಟಿಗೆ ಬರೆಹದ ಆಧಾರ ಬೇಕು. ಮುದ್ರಣಾಲಯದ ನುಡಿ ಬಾಯಿಂದ ಬಾಯಿಗೆ ಸಾಗಿದ್ದು. ಅದನ್ನು ಬರೆದಿಟ್ಟವರು ವಿರಳ. ಮೊಳೆ ಜೋಡಿಸುತ್ತಿದ್ದವರಲ್ಲಿ ಇಂದು ಉಳಿದಿರುವವರೆಲ್ಲ ವೃದ್ಧರು. ಮೊಳೆಗಳಾದರೋ ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ಕರಗಿಹೋದವು.

ವಚನಗಳ ಮೇಲೆ ಇನ್ನೊಂದು ಕಿರುಪ್ರಬಂಧವನ್ನು ಬರೆಯಿಸುವ ಮೊದಲು ವಿದ್ಯಾರ್ಥಿಯೊಬ್ಬನನ್ನು ಇಂತಹ ಹಿರಿಯರೊಬ್ಬರ ಮನೆಗೆ ಕಳುಹಿಸಬಾರದೇಕೆ? ಒತ್ತಕ್ಷರದ ಮೊಳೆಗೆ ಏನೆನ್ನುತ್ತಿದ್ದರು, ಸವೆದ ಮೊಳೆಗೆ ಏನು ಹೆಸರು, ಮೊಳೆಗಳು ಕಲಸಿಹೋದರೆ ಯಾವ ಬೈಗುಳ ಕೇಳಬೇಕಾಗುತ್ತಿತ್ತು ಎಂಬಿಷ್ಟನ್ನು ಕೇಳಿ ಬರೆದುಕೊಂಡು ಬಂದರೂ ಸಾಕು.