ಕೋಟೆ ಕಟ್ಟುವ ಮಕ್ಕಳಿಗೆ ಮೇಸ್ತ್ರಿ ತೀರ್ಪುಗಾರನಾಗಲಿ

ದೀಪಾವಳಿಯ ದಿನಗಳಲ್ಲಿ ಬೆಳಗಾವಿಯ ಗಲ್ಲಿಗಳಲ್ಲಿ ಓಡಾಡಿದವರಿಗೆ ಮಕ್ಕಳು ಕಟ್ಟುವ ಕೋಟೆಗಳು ಹೊಸತಲ್ಲ. ಕಲ್ಲು, ಇಟ್ಟಿಗೆ ಚೂರುಗಳನ್ನು ಗುಡ್ಡೆ ಹಾಕಿ, ಮೇಲೆ ಗೋಣಿತಾಟು ಹೊದಿಸಿ, ಕೆಸರು ಮೆತ್ತಿ ರಾಯಗಡವನ್ನೋ ಪ್ರತಾಪಗಡವನ್ನೋ ಎಬ್ಬಿಸುತ್ತಾರೆ. ಸಂಘ ಸಂಸ್ಥೆಗಳು ಸ್ಪರ್ಧೆ ಏರ್ಪಡಿಸಿ ಬಹುಮಾನ ಕೊಡುವುದೂ ಉಂಟು. ಮಹಾರಾಷ್ಟ್ರದ ಈ ರೂಢಿ ಗಡಿಯ ಈಚೆಗೂ ಬೇರೂರಿದೆ. ಅದರ ಚಾರಿತ್ರಿಕ, ಭಾಷಿಕ ಅರ್ಥಗಳ ಚರ್ಚೆ ನನಗಿಲ್ಲಿ ಬೇಡ. ಕೆಸರಿಗೆ ನೀರು ಹೆಚ್ಚಾದರೆ ಗೋಡೆ ಜಾರುತ್ತದೆ, ಬುಡ ಅಗಲವಾಗದೆ ಬುರುಜು ನಿಲ್ಲದು ಎಂಬುದನ್ನು ಹತ್ತು ವರ್ಷದ ಹುಡುಗ ಯಾವ ಪಠ್ಯಪುಸ್ತಕದ ನೆರವೂ ಇಲ್ಲದೆ ಅರಿಯುತ್ತಾನಲ್ಲ, ನನಗೆ ಮುಖ್ಯವೆನಿಸುವುದು ಅದು.

ನಮ್ಮ ಶಾಲೆಗಳ ಮಾದರಿ ಸ್ಪರ್ಧೆಗಳಲ್ಲಿ ಈ ಅರಿವಿಗೆ ಎಡೆಯೇ ಇಲ್ಲ. ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನವನ್ನು ಆಚರಿಸುತ್ತೇವೆ. ಅಂದು ಮೇಜಿನ ಮೇಲೆ ಥರ್ಮಕೋಲಿನ ಅಣೆಕಟ್ಟು, ನೀಲಿ ಬಣ್ಣದ ನೀರು. ಅರ್ಧಕ್ಕರ್ಧ ಕೆಲಸ ತಾಯಿತಂದೆಯರ ರಾತ್ರಿಪಾಳಿಯದೆಂಬುದು ತೀರ್ಪುಗಾರರಿಗೂ ಗೊತ್ತು. ನಿಜವಾದ ಕನ್ನಂಬಾಡಿ ಕಟ್ಟೆ ಎದ್ದದ್ದು ಸುರ್ಕಿ ಗಾರೆಯಿಂದ, ಅಂದರೆ ಸುಟ್ಟ ಜೇಡಿಮಣ್ಣಿನ ಪುಡಿ ಬೆರೆಸಿದ ಸುಣ್ಣದಿಂದ. ಅದರ ಒಂದು ಬಾಂಡಲಿಯನ್ನು ಮೇಸ್ತ್ರಿಯೊಬ್ಬ ಮಕ್ಕಳೆದುರು ಕಲಸಿ ತೋರಿಸಿದರೆ ಹತ್ತು ಥರ್ಮಕೋಲ್ ಮಾದರಿಗಳಿಗಿಂತ ಹೆಚ್ಚು ಕಲಿಸುತ್ತದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಐಸ್‌ಕ್ರೀಂ ಕಡ್ಡಿಗಳ ಸೇತುವೆ ಕಟ್ಟಿ, ಅದು ಮುರಿಯುವವರೆಗೂ ತೂಕ ಹೇರುವ ಸ್ಪರ್ಧೆಗಳು ನಡೆಯುತ್ತವೆ. ಅಲ್ಲಿ ಅಂದಕ್ಕಲ್ಲ, ಬಲಕ್ಕೆ ಅಂಕ. ಈ ಕ್ರಮ ಪ್ರೌಢಶಾಲೆಗೆ ಇಳಿದುಬರಲು ಹೆಚ್ಚಿನ ಖರ್ಚೇನೂ ಬೇಕಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಇಂಥ ಸ್ಪರ್ಧೆಗಳು ಮಗುವನ್ನು ಯಾವ ಕಸುಬಿನತ್ತ ಒಯ್ಯಬೇಕು? ಕಟ್ಟಡವೆಂದರೆ ನಮ್ಮ ಮಧ್ಯಮವರ್ಗಕ್ಕೆ ಕಾಣುವುದು ಎಂಜಿನಿಯರ್ ಮತ್ತು ವಾಸ್ತುಶಿಲ್ಪಿ ಮಾತ್ರ. ಕರಣೆ ಹಿಡಿದವನು ಆ ಚಿತ್ರದಲ್ಲೇ ಇಲ್ಲ. 1947ರಲ್ಲಿ ಸ್ಪೇನಿನಲ್ಲಿ ಚಿಗುರಿ ಇಂದು ವರ್ಲ್ಡ್‌ಸ್ಕಿಲ್ಸ್ ಎಂದು ಹೆಸರಾಗಿರುವ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಇಟ್ಟಿಗೆ ಕಟ್ಟುವುದು, ಟೈಲ್ಸ್ ಕೂರಿಸುವುದು, ಕೊಳಾಯಿ ಕೆಲಸ ಎಲ್ಲವೂ ಸ್ಪರ್ಧಾ ವಿಷಯಗಳು. ಅಲ್ಲಿ ಗೋಡೆಯ ಮಟ್ಟ, ತೂಕಗಳನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ಪದಕ ಕೊಡುತ್ತಾರೆ. ಭಾರತದ ತರುಣರೂ ಅದರಲ್ಲಿ ಪಾಲ್ಗೊಳ್ಳುತ್ತಾರೆ. ನಮ್ಮ ಐಟಿಐ ಪಠ್ಯಕ್ರಮದಲ್ಲಿ ಗಾರೆ ಕೆಲಸದ ತರಬೇತಿಯಿದೆ ಎಂಬುದನ್ನು ಹತ್ತನೆಯ ತರಗತಿಯ ಎಷ್ಟು ಮಕ್ಕಳಿಗೆ ಶಾಲೆ ತಿಳಿಸಿದೆ?

ಆದರೆ ಗಾರೆ ಕೆಲಸದವನ ಮುಂದೆ ನಿಂತು ಈ ಮಾತನ್ನು ಆಡುವುದು ಸುಲಭವಲ್ಲ. ತನ್ನ ಮಗ ಈ ಕೆಲಸಕ್ಕೆ ಬರಬಾರದೆಂದೇ ಅವನು ಬಿಸಿಲಲ್ಲಿ ಬೇಯುತ್ತಿರುತ್ತಾನೆ. ಸಾರವೆಯಿಂದ ಬಿದ್ದವರನ್ನು ಅವನು ಕಂಡಿದ್ದಾನೆ. ಮಳೆಗಾಲದಲ್ಲಿ ಕೆಲಸ ನಿಂತಾಗ ಕೂಲಿಯೂ ನಿಲ್ಲುತ್ತದೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲೇ ಕೇಂದ್ರ ಕಾಯ್ದೆ ಬಂತು, ಕಟ್ಟಡ ವೆಚ್ಚದ ಮೇಲೆ ಸೆಸ್ ಬಂತು. ಆದರೂ ನಿವೇಶನದ ಮೂಲೆಯ ತಗಡಿನ ಶೆಡ್ಡಿನಲ್ಲೇ ಸಂಸಾರ ಹೂಡುವ ಕುಟುಂಬಗಳು ನಮ್ಮ ಕಣ್ಣೆದುರಿಗಿವೆ. ಹೆಲ್ಮೆಟ್, ಸುರಕ್ಷಾ ಪಟ್ಟಿ, ಖಾತರಿಯ ಕೂಲಿ ಇಲ್ಲದ ಕಸುಬಿಗೆ ಮಕ್ಕಳನ್ನು ಬಹುಮಾನದ ಆಸೆಯಿಂದ ಸೆಳೆಯುವುದು ವಂಚನೆಯಾದೀತು. ಬಡವರ ಮಕ್ಕಳಿಗಷ್ಟೇ ಕರಣೆ, ಉಳ್ಳವರ ಮಕ್ಕಳಿಗೆ ನಕ್ಷೆ ಎಂಬ ಹಂಚಿಕೆಯೂ ಆಗಕೂಡದು. ಸ್ಪರ್ಧೆಯಲ್ಲಿ ಎಲ್ಲ ಮಕ್ಕಳ ಕೈಯೂ ಮಣ್ಣಾಗಬೇಕು.

ಆದುದರಿಂದ ನನ್ನ ಸಲಹೆ ಚಿಕ್ಕದು. ಬೆಳಗಾವಿಯ ಕೋಟೆ ಸ್ಪರ್ಧೆಯಿರಲಿ, ಊರ ಶಾಲೆಯ ಮಾದರಿ ಸ್ಪರ್ಧೆಯಿರಲಿ, ತೀರ್ಪುಗಾರರ ಸಾಲಿನಲ್ಲಿ ಅನುಭವಿ ಮೇಸ್ತ್ರಿಯೊಬ್ಬನಿಗೆ ಕುರ್ಚಿ ಹಾಕಿ. ತೂಗುಗುಂಡು ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ಆತ ನೋಡಲಿ. ಬಹುಮಾನ ಘೋಷಿಸುವ ಮುನ್ನ ಕೋಟೆಯ ಮೇಲೊಂದು ಬಿಂದಿಗೆ ನೀರು ಸುರಿಯುವ ಅಧಿಕಾರವೂ ಆತನಿಗಿರಲಿ. ಶಾಲು ಹೊದಿಸಿ ಹಾರ ಹಾಕುವ ಭರದಲ್ಲಿ ಆ ದಿನದ ಕೂಲಿಯನ್ನು ಕೊಡುವುದನ್ನು ಮಾತ್ರ ಸಂಘಟಕರು ಮರೆಯಬಾರದು.